ಕಾದ ಇಂಜಿನ್ನು, ಕೋಲಾರದ ನೀರು

2024ರ ಕೊನೆಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಎಕ್ಸ್‌ಪ್ರೆಸ್ ವೇ ತೆರೆದ ಮೇಲೆ ನಮ್ಮ ಸೀಮೆಗೆ ಹೊಸ ಬಗೆಯ ನೆಂಟರು ಬರತೊಡಗಿದ್ದಾರೆ. ಬೆಂಗಳೂರಿನಲ್ಲಿ ಹಳೆಯ ಕಾರುಗಳನ್ನು ಮಕ್ಕಳಂತೆ ಸಾಕಿಕೊಂಡವರು ಭಾನುವಾರ ಬೆಳಗ್ಗೆ ಅವನ್ನು ಹೊರಗೆ ತೆಗೆದು, ನೆಟ್ಟಗಿನ ರಸ್ತೆಯಲ್ಲಿ ಓಡಿಸಿಕೊಂಡು ಬಂದು, ಬೇತಮಂಗಲದ ಕೆರೆ ಏರಿಯ ಹತ್ತಿರ ಕಾಫಿ ಕುಡಿದು ಹೋಗುತ್ತಾರೆ. ಒಂದು ಎಂಜಿ, ಒಂದು ಟ್ರಯಂಫ್, ಒಂದೆರಡು ಸ್ಟ್ಯಾಂಡರ್ಡ್ ಹೆರಾಲ್ಡ್. ನೋಡುವುದಕ್ಕೇ ಸಂತೋಷ. ಆದರೆ ಮಾರ್ಚ್ ತಿಂಗಳು ಕಳೆಯಿತೆಂದರೆ ಇವುಗಳಲ್ಲಿ ಕೆಲವು ಬಾನೆಟ್ ಎತ್ತಿಕೊಂಡು, ಉಗಿ ಕಾರುತ್ತಾ ರಸ್ತೆ ಬದಿಗೆ ನಿಲ್ಲುತ್ತವೆ. ಆಗ ಅವು ನಮ್ಮಂಥ ಗ್ಯಾರೇಜಿನವರ ಕೈಗೆ ಬರುತ್ತವೆ. ಇವತ್ತು ನಾನು ಮಾತಾಡುವುದು ಈ ಕಾಯಿಲೆಯ ಬಗ್ಗೆ: ಹಳೆಯ ಸ್ಪೋರ್ಟ್ಸ್ ಕಾರಿನ ಇಂಜಿನ್ ಯಾಕೆ ಕಾಯುತ್ತದೆ, ಅದನ್ನು ಹೇಗೆ ಸರಿಮಾಡಬೇಕು.

ಮೊದಲು ಕಾರುಗಳ ಪರಿಚಯ. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡೇ ಸೀಟಿನ ಪುಟ್ಟ ಕಾರು 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾಯಿತು. ಅದರ ಒಡಹುಟ್ಟು ನಮಗೆಲ್ಲ ಗೊತ್ತಿರುವ ಹೆರಾಲ್ಡ್. 1960ರ ದಶಕದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು 948 ಸಿಸಿ ಇಂಜಿನ್ನಿನೊಂದಿಗೆ ಇಲ್ಲಿಯೇ ತಯಾರಿಸಿತು. ಎರಡರ ಮೈಕಟ್ಟನ್ನೂ ರೂಪಿಸಿದವನು ಇಟಲಿಯ ಜೊವಾನಿ ಮಿಕೆಲೋಟಿ. ಎರಡರ ಇಂಜಿನ್ನೂ ಒಂದೇ ವಂಶದ್ದು, ಬೀಡು ಕಬ್ಬಿಣದ ನಾಲ್ಕು ಸಿಲಿಂಡರ್. ಬಾನೆಟ್ಟು ಬಲಗಡೆ ಎಡಗಡೆ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಇಂಜಿನ್ ಪೂರ್ತಿ ಬಯಲಾಗುತ್ತದೆ. ರಿಪೇರಿಗೆ ಇಷ್ಟು ಅನುಕೂಲವಾದ ಕಾರು ಇನ್ನೊಂದನ್ನು ನಾನು ಕಂಡಿಲ್ಲ. ಆದ್ದರಿಂದ ಇವತ್ತಿನ ಮಾತಿಗೆ ಸ್ಪಿಟ್‌ಫೈರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಂಜಿಗೂ ಫಿಯಟ್ಟಿಗೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ.

ಇಂಜಿನ್ ಕಾಯುವುದು ತಪ್ಪಲ್ಲ, ಅದು ಕಾಯಲೇಬೇಕು. ನೀವು ಹಾಕಿದ ಪೆಟ್ರೋಲಿನ ಶಾಖದಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಪಾಲು ಚಕ್ರ ತಿರುಗಿಸಲು ಹೋಗುತ್ತದೆ. ಅಷ್ಟೇ ಪಾಲು ಸೈಲೆನ್ಸರ್ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಕೊಡಬೇಕು. ನೀರು ಸುಮಾರು 82 ಡಿಗ್ರಿಯಿಂದ 90 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇದ್ದರೆ ಇಂಜಿನ್ ಸುಖವಾಗಿರುತ್ತದೆ. ಆದರೆ ನಮ್ಮ ಕೋಲಾರದ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಚೆನ್ನೈಯಲ್ಲಿ ತಡೆದುಕೊಂಡ ಕಾರು ಇಲ್ಲಿ ಕುದಿಯಲು ಇದೂ ಒಂದು ಸಣ್ಣ ಕಾರಣ. ಅದಕ್ಕೇ ರೇಡಿಯೇಟರಿನ ಮುಚ್ಚಳ ಮುಖ್ಯ. ಅದರೊಳಗೆ ಸ್ಪ್ರಿಂಗ್ ಇದೆ, ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಮಾಡೆಲ್ಲಿಗೆ ತಕ್ಕಂತೆ ಚದರ ಅಂಗುಲಕ್ಕೆ 4, 7 ಅಥವಾ 13 ಪೌಂಡಿನ ಮುಚ್ಚಳ. ಒಂದೊಂದು ಪೌಂಡ್ ಒತ್ತಡಕ್ಕೂ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರ್ ವಾಷರ್ ಒಣಗಿ ಬಿರಿದರೆ ಈ ಲಾಭವೆಲ್ಲ ಹೋಯಿತು. ಸ್ವಲ್ಪ ಹಣದಲ್ಲಿ ಬರುವ ಮುಚ್ಚಳ; ಮೊದಲು ಅದನ್ನು ಬದಲಾಯಿಸಿ. ಆದರೆ 7 ಪೌಂಡಿನ ಜಾಗಕ್ಕೆ 13 ಪೌಂಡಿನದನ್ನು ಹಾಕಬೇಡಿ. ಐವತ್ತು ವರ್ಷದ ಬೆಸುಗೆಗಳು ಅದನ್ನು ತಾಳುವುದಿಲ್ಲ.

ರಸ್ತೆಯಲ್ಲಿ ಕಾರು ಕುದಿಯಿತು ಅನ್ನಿ. ಏನು ಮಾಡಬೇಕು? ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ನೆರಳಿಗೆ ಹೋಗಿ ಕೂತುಕೊಳ್ಳಿ. ಮುಚ್ಚಳದ ಮೇಲೆ ಕೈ ಇಡಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಖ, ಕುತ್ತಿಗೆ ಸುಟ್ಟುಕೊಂಡು ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಮೇಲಿನ ಹೋಸ್ ಪೈಪನ್ನು ಬಟ್ಟೆ ಸುತ್ತಿದ ಕೈಯಲ್ಲಿ ಹಿಸುಕಿ ನೋಡಿದಾಗ ಮೆತ್ತಗಾಗಿರಬೇಕು; ಆಮೇಲೆಯೇ ಮುಚ್ಚಳ ತೆಗೆಯಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ. ಬೀಡು ಕಬ್ಬಿಣ ಥಟ್ಟನೆ ತಣಿದರೆ ಸೀಳು ಬಿಡುತ್ತದೆ. ಸಿಲಿಂಡರ್ ಹೆಡ್ ಒಡೆದ ಮೇಲೆ ಈ ದೇಶದಲ್ಲಿ ಇನ್ನೊಂದು ಹೆಡ್ ಹುಡುಕುವುದು ಸುಲಭವಲ್ಲ.

ಇನ್ನು ಕಾರಣ ಹುಡುಕುವುದು. ಗ್ಯಾರೇಜಿಗೆ ಬಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಕಾಯ್ತು ಸಾರ್, ಓಡುವಾಗಲೋ ನಿಂತಾಗಲೋ?" ನಮ್ಮ ಸುತ್ತಮುತ್ತ ಇದನ್ನು ಪರೀಕ್ಷೆ ಮಾಡಲು ಎರಡು ಒಳ್ಳೆಯ ರಸ್ತೆಗಳಿವೆ. ಒಂದು ಎಕ್ಸ್‌ಪ್ರೆಸ್ ವೇ. ಇನ್ನೊಂದು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗುವ ರಸ್ತೆ. ಶಿವರಾತ್ರಿಯ ಹೊತ್ತಿನಲ್ಲಿ ಅಲ್ಲಿ ವಾಹನಗಳು ಒಂದರ ಹಿಂದೆ ಒಂದು ಆಮೆಯಂತೆ ಹೋಗುತ್ತವೆ. ಕೋಟಿಲಿಂಗದ ಸಾಲಿನಲ್ಲಿ ಶಾಖದ ಮೀಟರಿನ ಮುಳ್ಳು ಮೇಲೇರಿ, ರಸ್ತೆ ಬಿಡುವಾದ ಮೇಲೆ ಇಳಿದರೆ ಗಾಳಿಯದು ತೊಂದರೆ: ಫ್ಯಾನು, ಬೆಲ್ಟು, ಗಾಳಿಯ ದಾರಿ. ನಿಧಾನಕ್ಕೆ ಹೋಗುವಾಗ ಚೆನ್ನಾಗಿದ್ದು, ಎಕ್ಸ್‌ಪ್ರೆಸ್ ವೇಯಲ್ಲಿ ಎಂಬತ್ತು ತೊಂಬತ್ತರ ವೇಗದಲ್ಲಿ ಸ್ವಲ್ಪ ದೂರ ಹೋದ ಮೇಲೆ ಕಾಯತೊಡಗಿದರೆ ನೀರಿನದು ತೊಂದರೆ: ಕಟ್ಟಿಕೊಂಡ ರೇಡಿಯೇಟರ್, ಸೊರಗಿದ ಪಂಪು, ಹಿಸುಕಿಕೊಳ್ಳುವ ಹೋಸು; ಇಲ್ಲವೇ ಸ್ಪಾರ್ಕಿನ ಟೈಮಿಂಗ್. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಹಾಗೆಯೇ ಮುಳ್ಳು ನಿಜ ಹೇಳುತ್ತಿದೆಯೇ ಎಂದೂ ನೋಡಬೇಕು. 1960ರ ದಶಕದ ನಡುವಿನಿಂದೀಚೆಗಿನ ಈ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ ಇದೆ. ಅದು ಶಾಖದ ಮೀಟರಿಗೂ ಪೆಟ್ರೋಲ್ ಮೀಟರಿಗೂ ಹತ್ತು ವೋಲ್ಟ್ ಕೊಡುತ್ತದೆ. ಅದು ಕೆಟ್ಟರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹೋಗಿ ಎರಡೂ ಮುಳ್ಳುಗಳು ಒಟ್ಟಿಗೆ ಮೇಲೇರುತ್ತವೆ. ಇಂಜಿನ್ ಕಾದಿದೆ ಎಂದು ತೋರಿಸುತ್ತಿರುವ ಹೊತ್ತಿಗೇ ಅರ್ಧ ಖಾಲಿಯಾದ ಟ್ಯಾಂಕು ತುಂಬಿದೆ ಎಂದೂ ತೋರಿಸಿದರೆ, ರೇಡಿಯೇಟರಿಗೆ ಕೈ ಹಚ್ಚುವ ಮುಂಚೆ ಆ ಡಬ್ಬಿಯನ್ನು ನೋಡಿ. ಸಂಶಯವಿದ್ದರೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟಿನ, ಅಂದರೆ ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟದ, ಗೂಡಿನ ಕಡೆಗೆ ಹಿಡಿದು ಓದಿಕೊಳ್ಳಿ.

ಗಾಳಿಯ ದಾರಿಯಲ್ಲಿ ಜನ ಮರೆಯುವ ಒಂದು ವಸ್ತು ಇದೆ. ಸ್ಪಿಟ್‌ಫೈರಿನ ರೇಡಿಯೇಟರಿನ ಎಡಬಲದಲ್ಲಿ ಕಾರ್ಖಾನೆಯವರು ರಟ್ಟಿನ ಎರಡು ಹಾಳೆಗಳನ್ನು ಕೂಡಿಸುತ್ತಿದ್ದರು. ನೋಡಿದರೆ ಪ್ಯಾಕಿಂಗ್ ರಟ್ಟೇನೋ ಅನ್ನಿಸುತ್ತದೆ. ಕಾಲಕ್ರಮದಲ್ಲಿ ಎಣ್ಣೆ ಹಿಡಿದು ಹರಿದುಹೋದಾಗ ಕಿತ್ತು ಬಿಸಾಡುತ್ತಾರೆ. ಮುಂದಿನ ಜಾಲರಿಯಿಂದ ನುಗ್ಗಿದ ಗಾಳಿ ರೇಡಿಯೇಟರಿನ ಒಳಗಿಂದ ಹಾಯಲಿ ಎಂದೇ ಅವು ಇರುವುದು. ಅವಿಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರಿಹೋಗುತ್ತದೆ. ದೊಡ್ಡ ಎಲೆಕ್ಟ್ರಿಕ್ ಫ್ಯಾನಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಗಟ್ಟಿ ರಟ್ಟಿನಲ್ಲೋ ತೆಳು ಅಲ್ಯೂಮಿನಿಯಂ ತಗಡಿನಲ್ಲೋ ಆ ಹಾಳೆಗಳನ್ನು ಕತ್ತರಿಸಿ ಕೂಡಿಸಿ. ಫ್ಯಾನ್ ಬೆಲ್ಟನ್ನು ಉದ್ದನೆಯ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ, ಏನೂ ತಗ್ಗದಿದ್ದರೆ ಪಂಪಿನ ಬೇರಿಂಗು ಹಾಳಾಗುತ್ತದೆ.

ಈಗ ನೀರಿನ ಮಾತು. ನನ್ನ ಅನುಭವದಲ್ಲಿ ಕೋಲಾರ ಜಿಲ್ಲೆಯಲ್ಲಿ ಕಾಯುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ಕಾಯುವುದು ನೀರಿನಿಂದಲೇ.

ಬೇತಮಂಗಲಕ್ಕೂ ನೀರಿಗೂ ಇರುವ ನಂಟು ಬಹಳ ಹಳೆಯದು. ಶಾಸನಗಳ ಕಾಲದಲ್ಲಿ ವಿಜಯಾದಿತ್ಯಮಂಗಲ ಎಂದು ಕರೆಸಿಕೊಂಡ ಈ ಊರು ಪಾಲಾರ್ ನದಿಗೆ ಕಟ್ಟಿದ ಕೆರೆಯನ್ನು ನಂಬಿ ಬೆಳೆದದ್ದು. ಕೋಲಾರದ ಚಿನ್ನದ ಗಣಿಗಳಿಗೆ, ಗಣಿಯ ಕಾಲೊನಿಗಳಿಗೆ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಸೋಸಿದ ನೀರು ಹೋಗುತ್ತಿದ್ದುದು ಈ ಕೆರೆಯಿಂದಲೇ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬರುವ ತನಕ ಗಣಿಯ ದೊಡ್ಡ ಯಂತ್ರಗಳು ಉಗಿಯಿಂದ ಓಡುತ್ತಿದ್ದವು. ಬಾಯ್ಲರ್ ನೋಡಿಕೊಳ್ಳುವವರಿಗೆ ನೀರಿನ ಗುಣ ಎಂದರೆ ಏನು ಎಂಬುದು ಚೆನ್ನಾಗಿ ಗೊತ್ತಿರಲೇಬೇಕಿತ್ತು, ಯಾಕೆಂದರೆ ಗಡಸು ನೀರು ಕುದಿಸಿದರೆ ಬಾಯ್ಲರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಇವತ್ತು ನಮ್ಮ ಪರಿಸ್ಥಿತಿ ಬೇರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆ ಬತ್ತುತ್ತದೆ. ಜಿಲ್ಲೆ ನಂಬಿರುವುದು ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು. ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಯಥೇಚ್ಛ. ಸ್ನಾನದ ಮನೆಯ ಹಂಡೆಯ ಒಳಗೆ, ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರವನ್ನು ನೀವೆಲ್ಲ ನೋಡಿದ್ದೀರಿ. ಅದೇ ಪದರ ಕಾರಿನ ರೇಡಿಯೇಟರಿನ ಒಳಗೂ, ಸಿಲಿಂಡರಿನ ಸುತ್ತಲೂ ಕಟ್ಟುತ್ತದೆ. ಈ ಸುಣ್ಣ ಶಾಖವನ್ನು ದಾಟಿಸುವುದು ಹಿತ್ತಾಳೆಗಿಂತ ಹತ್ತಾರು ಪಟ್ಟು ಕಡಿಮೆ. ಅಂದಮೇಲೆ ಇಂಜಿನ್ನಿನ ಶಾಖ ಹೊರಗೆ ಬರುವುದಾದರೂ ಹೇಗೆ?

ಒಮ್ಮೆ ಬೆಂಗಳೂರಿನವರೊಬ್ಬರ ಸ್ಪಿಟ್‌ಫೈರ್ ನಮ್ಮ ಶೆಡ್ಡಿಗೆ ಬಂತು. ಫ್ಯಾನ್ ಹೊಸದು, ಪಂಪು ಹೊಸದು, ಥರ್ಮೋಸ್ಟಾಟನ್ನು ಯಾರೋ ಕಿತ್ತುಹಾಕಿದ್ದರು. "ಎಲ್ಲಾ ಬದಲಾಯಿಸಿಬಿಟ್ಟಿದ್ದೀನಿ ಸಾರ್, ಇನ್ನೇನು ಉಳಿದಿಲ್ಲ" ಅಂದರು ಪಾಪ. ನಾನು ಇಂಜಿನ್ ಬೆಚ್ಚಗಾದ ಮೇಲೆ ನಿಲ್ಲಿಸಿ, ರೇಡಿಯೇಟರಿನ ಮುಖದ ಮೇಲೆ ಥರ್ಮಾಮೀಟರನ್ನು ಅಂಗುಲ ಅಂಗುಲವಾಗಿ ಹಿಡಿದು ನೋಡಿದೆ. ಮೇಲೆ ಬಿಸಿ ಇತ್ತು, ಎಡಗಡೆ ಬಿಸಿ ಇತ್ತು. ನಡುವಿನಿಂದ ಬಲಕ್ಕೆ, ಕೆಳಗಡೆ ತಣ್ಣಗಿತ್ತು. ತಣ್ಣಗಿದೆ ಎಂದರೆ ಅಲ್ಲಿ ನೀರೇ ಹರಿಯುತ್ತಿಲ್ಲ ಎಂದರ್ಥ. ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ ಬಿಚ್ಚಿದಾಗ ಚಪ್ಪಟೆ ಕೊಳವೆಗಳ ಬಾಯಿಗಳು ಕಂಡವು. ಅರ್ಧಕ್ಕರ್ಧ ಕೊಳವೆಗಳ ಬಾಯಿಯಲ್ಲಿ ಬೂದು ಬಣ್ಣದ ಗಟ್ಟಿ ಸುಣ್ಣ. ಅದರ ಮೇಲೆ ತುಕ್ಕಿನ ಕೆಂಪು ಕೆಸರು. ಹಿತ್ತಾಳೆಯ ತೆಳುವಾದ ಪಟ್ಟಿಯನ್ನು ಒಂದೊಂದೇ ಕೊಳವೆಗೆ ತೂರಿಸಿ ಎಳೆದಾಗ ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ನಮ್ಮ ಕಡೆಯ ಮೇಸ್ತ್ರಿಗಳು ಇದನ್ನು ರಾಡ್ ಹೊಡೆಯುವುದು ಅನ್ನುತ್ತಾರೆ. ಆತುರ ಮಾಡಿದರೆ ಕೊಳವೆ ಸೀಳುತ್ತದೆ. ಇಡೀ ದಿನ ಹಿಡಿಯಿತು. ಮತ್ತೆ ಬೆಸೆದು, ಒತ್ತಡ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು.

ರೇಡಿಯೇಟರ್ ತೊಳೆದು ಬ್ಲಾಕನ್ನು ಹಾಗೆಯೇ ಬಿಟ್ಟರೆ ಕೆಲಸ ಅರ್ಧವೇ. ಬ್ಲಾಕಿನ ಪಕ್ಕದಲ್ಲಿ ನೀರು ಬಿಡುವ ನಲ್ಲಿಯೊಂದಿದೆ. ಅದನ್ನು ಬಿಚ್ಚಿದರೂ ಒಂದು ತೊಟ್ಟು ಬೀಳದ ಕಾರುಗಳೇ ಹೆಚ್ಚು. ತುಕ್ಕು, ಎರಕದ ಮರಳು, ಸುಣ್ಣ ಎಲ್ಲ ಸೇರಿ ಹಿಂದಿನ ಸಿಲಿಂಡರಿನ ಬುಡದಲ್ಲಿ ಕೆಸರಾಗಿ ಕೂತಿರುತ್ತದೆ. ಫ್ಯಾನಿನಿಂದ ದೂರವಿರುವ ಆ ಸಿಲಿಂಡರೇ ಮೊದಲು ಬೇಯುತ್ತದೆ. ನಲ್ಲಿಯ ತೂತಿಗೆ ತಂತಿ ಹಾಕಿ ಕೆದಕಬೇಕು. ಥರ್ಮೋಸ್ಟಾಟ್ ಮತ್ತು ಹೋಸುಗಳನ್ನು ತೆಗೆದು, ನೀರು ಸಾಮಾನ್ಯವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಪೈಪು ಹಿಡಿದು ಬಿಡಬೇಕು. ಹೊರಗೆ ಬರುವ ನೀರು ಕಾಫಿ ಬಣ್ಣದಿಂದ ತಿಳಿಯಾಗುವ ತನಕ ಬಿಡಿ. ಉಳಿದ ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಒಳ್ಳೆಯದು, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುತ್ತದೆ. ನೀರಿನಲ್ಲಿ ತೆಳುವಾಗಿ ಕದಡಿ ತುಂಬಿಸಿ, ಇಂಜಿನ್ ಬೆಚ್ಚಗಾಗುವಷ್ಟು ಓಡಿಸಿ, ತಣಿದ ಮೇಲೆ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ. ಕಬ್ಬಿಣದ ಇಂಜಿನ್ನಿಗೆ ಇದು ಸರಿ. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಕಾರಿನ ಇಂಜಿನ್ ಅಲ್ಯೂಮಿನಿಯಂನದ್ದು. ಅಂಥದ್ದಕ್ಕೆ ಯಾವ ಆಮ್ಲವನ್ನೂ ಹಾಕಬೇಡಿ.

ಥರ್ಮೋಸ್ಟಾಟ್ ಕಿತ್ತುಹಾಕುವ ಚಟದ ಬಗ್ಗೆ ಒಂದು ಮಾತು. ನಮ್ಮದು ಬಿಸಿ ದೇಶ, ಇದು ಬೇಡ ಎಂದು ಗ್ಯಾರೇಜುಗಳಲ್ಲಿ ಕಿತ್ತು ಎಸೆಯುತ್ತಾರೆ. ಇದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೆಚ್ಚಗಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ತಣ್ಣನೆಯ ಇಂಜಿನ್ನಿನಲ್ಲಿ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತ ಹೆಚ್ಚಿಸುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಬಿಸಿನೀರು ರೇಡಿಯೇಟರಿಗೇ ಹೋಗದೆ ಬೈಪಾಸಿನಲ್ಲಿ ಸುತ್ತಿ ವಾಪಸು ಬರುತ್ತದೆ. ಕೆಟ್ಟಿದೆಯೇ ಎಂದು ತಿಳಿಯಲು ಒಲೆ ಸಾಕು. ಪಾತ್ರೆಯಲ್ಲಿ ನೀರಿಟ್ಟು ಥರ್ಮೋಸ್ಟಾಟನ್ನು ದಾರದಲ್ಲಿ ತೂಗುಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಡಿ, ಎರಡೂ ತಳಕ್ಕೆ ತಾಗಬಾರದು. 82 ಎಂದು ಅಚ್ಚಾಗಿರುವುದು 80ರಿಂದ 84ರ ಒಳಗೆ ಬಾಯಿ ಬಿಡಲು ಶುರುಮಾಡಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ಕುದಿಯುವ ನೀರಿನಲ್ಲೂ ಬಾಯಿ ಬಿಡದಿದ್ದರೆ ಅಪರಾಧಿ ಸಿಕ್ಕಂತೆ.

ಕೆಳಗಿನ ಹೋಸನ್ನೂ ನೋಡಿ. ಅದು ಪಂಪು ಹೀರುವ ಕಡೆ. ರಬ್ಬರ್ ಮೆತ್ತಗಾಗಿದ್ದರೆ ಇಂಜಿನ್ ವೇಗ ಹೆಚ್ಚಿದಾಗ ಹೀರುವಿಕೆಗೆ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ಪಂಪಿನ ಹೊಟ್ಟೆಯ ಕೆಳಗಿರುವ ಸಣ್ಣ ತೂತಿನಲ್ಲಿ ನೀರು ಜಿನುಗುತ್ತಿದ್ದರೆ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ.

ನೀರು, ಗಾಳಿ ಎರಡೂ ಸರಿಯಿದ್ದು ಇನ್ನೂ ಕಾಯುತ್ತಿದ್ದರೆ ಬೆಂಕಿಯನ್ನು ನೋಡಬೇಕು. ಸ್ಪಾರ್ಕ್ ತಡವಾಗಿ ಬಂದರೆ ಉರಿ ಪಿಸ್ಟನ್ನನ್ನು ತಳ್ಳುವ ಬದಲು ಎಕ್ಸಾಸ್ಟ್ ವಾಲ್ವಿನ ಸುತ್ತ ಹೆಡ್ಡನ್ನು ಕಾಯಿಸುತ್ತದೆ. ಪಾಯಿಂಟ್ ಸವೆದು ಗ್ಯಾಪ್ ಕಡಿಮೆಯಾದರೂ ಟೈಮಿಂಗ್ ಹಿಂದೆ ಬೀಳುತ್ತದೆ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆಯನ್ನು ಬಾಯಲ್ಲಿ ಹೀರಿ ನಾಲಗೆಯಿಂದ ಮುಚ್ಚಿದರೆ ಹೀರಿದ್ದು ಹಿಡಿದು ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ಡಯಾಫ್ರಾಂ ಹರಿದಿದೆ. ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೂ ಶಾಖ ಹೆಚ್ಚುತ್ತದೆ. ಇದು ಈಗ ಮುಖ್ಯವಾದ ವಿಷಯ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಎಥನಾಲಿನಲ್ಲಿ ಆಮ್ಲಜನಕ ಬೆರೆತೇ ಇರುವುದರಿಂದ ಮಿಶ್ರಣ ತಾನಾಗಿ ತೆಳುವಾಗುತ್ತದೆ. ಹೊಸ ಕಾರಿನ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. 1960ರ ಎಸ್‌ಯು ಕಾರ್ಬುರೇಟರಿಗೆ ನಾವೇ ಜೆಟ್ಟನ್ನು ತಿರುಗಿಸಿ, ಬೇಕಾದರೆ ಸೂಜಿ ಬದಲಾಯಿಸಿ ಹೊಂದಿಸಬೇಕು. ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವಂಥದಕ್ಕೆ ಬದಲಾಯಿಸುವುದೂ ಇದೇ ಸಮಯದಲ್ಲಿ ಆಗಲಿ.

ಕೊನೆಯ ಸಂಶಯ ಹೆಡ್ ಗ್ಯಾಸ್ಕೆಟ್. ತಣ್ಣಗಿರುವ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿದ್ದರೆ, ಎಣ್ಣೆಯ ಡಿಪ್‌ಸ್ಟಿಕ್ಕಿನಲ್ಲಿ ಹಾಲಿನಂಥ ನೊರೆ ಕಂಡರೆ, ಬೆಚ್ಚಗಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಗ್ಯಾಸ್ಕೆಟ್ ಹೋಗಿದೆ ಎಂದೇ ತಿಳಿಯಿರಿ. ಹೆಡ್ ಇಳಿಸಿದಾಗ ಅದರ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಸೊಟ್ಟಗಿದೆಯೇ ನೋಡದೆ ಹೊಸ ಗ್ಯಾಸ್ಕೆಟ್ ಕೂಡಿಸಿದರೆ ಹಣ ದಂಡ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಕಾರಿನ ಮ್ಯಾನುಯಲ್ಲಿನಲ್ಲಿರುವ ಟಾರ್ಕಿಗೆ ಬಿಗಿಯಬೇಕು.

ಈ ಕೆಲಸಗಳಿಗೆ ಬೇಕಾದ ಕೈಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ ಎಂಬುದನ್ನು ನಾನು ಅಭಿಮಾನದಿಂದ ಹೇಳುತ್ತೇನೆ. ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿನ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಯಂತ್ರದಲ್ಲಿ ತಂಪು ಮಾಡಿದ ಗಾಳಿಯನ್ನು ಅಷ್ಟು ಕೆಳಗೆ ಕಳಿಸಿ ಮನುಷ್ಯರು ಕೆಲಸ ಮಾಡುವಂತೆ ಮಾಡಿದ ಸೀಮೆ ಇದು. 2001ರಲ್ಲಿ ಗಣಿ ಮುಚ್ಚಿತು. ಆದರೆ ಬೆಮೆಲ್ ಕಾರ್ಖಾನೆ ಇನ್ನೂ ಇದೆ. ಅಲ್ಲಿ ತಯಾರಾಗುವ ಬುಲ್ಡೋಜರುಗಳ ರೇಡಿಯೇಟರಿನ ಮುಂದೆ ಸ್ಪಿಟ್‌ಫೈರಿನದು ಆಟಿಕೆ. ಗಣಿಯಲ್ಲೂ ಕಾರ್ಖಾನೆಯಲ್ಲೂ ಪಳಗಿದ ಫಿಟ್ಟರುಗಳಿಂದ ಕಲಿತವರು ರಾಬರ್ಟ್‌ಸನ್ ಪೇಟೆ, ಆಂಡರ್‌ಸನ್ ಪೇಟೆ, ಬಂಗಾರಪೇಟೆಗಳ ಸಣ್ಣ ಶೆಡ್ಡುಗಳಲ್ಲಿ ಇದ್ದಾರೆ. ಹಿತ್ತಾಳೆ ರೇಡಿಯೇಟರನ್ನು ಬಿಚ್ಚಿ ಬೆಸೆಯಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ಏಕೆಂದರೆ ಹೊಸ ಕಾರುಗಳ ಅಲ್ಯೂಮಿನಿಯಂ-ಪ್ಲಾಸ್ಟಿಕ್ ರೇಡಿಯೇಟರನ್ನು ಯಾರೂ ಬಿಚ್ಚುವುದಿಲ್ಲ, ಬಿಸಾಡುತ್ತಾರೆ. ಹಳೆಯ ಕಾರು ಇಟ್ಟುಕೊಂಡವರು ದಯವಿಟ್ಟು ಇವರನ್ನು ಹುಡುಕಿಕೊಂಡು ಬನ್ನಿ, ಕೇಳಿದ ಕೂಲಿ ಕೊಡಿ. ಈ ವಿದ್ಯೆ ಕಲಿಯಲು ಮನಸ್ಸಿರುವ ಹುಡುಗರು ಐಟಿಐ ಮುಗಿಸಿದ ಮೇಲೆ ಒಂದು ವರ್ಷ ಇವರ ಪಕ್ಕ ನಿಲ್ಲಿ.

ಎಲ್ಲ ಸರಿಯಾದ ಮೇಲೆ ಏನನ್ನು ತುಂಬಬೇಕು? ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮೂರು ಪಾಲು, ತುಕ್ಕು ತಡೆಯುವ ಒಳ್ಳೆಯ ಕೂಲೆಂಟ್ ಒಂದು ಪಾಲು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಇಷ್ಟೇ ಸಾಕು. ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಹೀಟರ್ ಇದ್ದರೆ ಅದರ ನಲ್ಲಿ ತೆರೆದು, ನಿಧಾನವಾಗಿ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಕೂಲೆಂಟ್ ಸಿಹಿ ರುಚಿಯ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ ಆಗಲೇ ತೊಳೆಯಿರಿ, ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಎರಡು ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಪೂರ್ತಿ ಬದಲಾಯಿಸಿ. ಡಿಕ್ಕಿಯಲ್ಲಿ ಇದೇ ಮಿಶ್ರಣದ ಐದು ಲೀಟರಿನ ಒಂದು ಕ್ಯಾನ್ ಯಾವಾಗಲೂ ಇರಲಿ. ಅದಿದ್ದರೆ, ದಾರಿಯಲ್ಲಿ ಕಾರು ಕುದಿದಾಗ ಯಾರದೋ ಹೊಲದ ಪಂಪ್‌ಸೆಟ್ಟಿನ ನೀರನ್ನು ಅದಕ್ಕೆ ಹಾಕುವ ಗತಿ ನಿಮಗೆ ಬರುವುದಿಲ್ಲ. ಆ ನೀರನ್ನು ಮಾತ್ರ ಹಾಕಬೇಡಿ.